ಹೊಟ್ಟೆಗೆ ಕಟ್ಟಿದ ಬಟ್ಟೆ

ಪೀಣ್ಯ, ಸೋಮವಾರ

ಅತ್ತೆಯವರೇ, ನಿಮ್ಮ ಸೊಸೆ ಸವಿತಾ ಬರೆಯುವುದು.

ಈ ಕಾಗದವನ್ನು ಮೈದುನನ ಮಗಳು ಭಾಗ್ಯಶ್ರೀ ಒಬ್ಬಳೇ ನಿಮಗೆ ಓದಿ ಹೇಳಲಿ. ಬಾಗಿಲು ಮುಂದೆ ಮಾಡಿಕೊಂಡು ಮೆಲ್ಲಗೆ ಓದು ಮಗಳೇ. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಹಚ್ಚಿದೆ. ನಿಮ್ಮ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟೆ. ಊರಿಗೆ ಹೊರಟ ನೀಲಪ್ಪಣ್ಣನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಗುರುವಾರ ನೀವು ಬಾಣಂತನಕ್ಕೆಂದು ಬಸ್ಸು ಹತ್ತುವ ಮೊದಲು ನಿಮಗಿದು ತಿಳಿಯಬೇಕು.

ನಾನು ಬಸುರಿಯಲ್ಲ. ಯಾವತ್ತೂ ಆಗಿರಲಿಲ್ಲ.

ಎರಡು ತಿಂಗಳ ಹಿಂದೆ, ನನಗೆ ಏಳು ತುಂಬಿತೆಂದು ಕುಬುಸ ಮಾಡಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿದಿರಲ್ಲ, ಆಗ ನನ್ನ ಹೊಟ್ಟೆಯ ಮೇಲಿದ್ದದ್ದು ನಮ್ಮ ಗಾರ್ಮೆಂಟ್ಸಿನ ಬನಿಯನ್ ಬಟ್ಟೆಯ ಚೂರುಗಳು. ಇಲ್ಲಿ ಕೆಲಸಕ್ಕೆ ಹೋಗುವಾಗ ಬಿಚ್ಚಿಡುತ್ತಿದ್ದೆ, ಊರಿಗೆ ಬರುವಾಗ ಕಟ್ಟುತ್ತಿದ್ದೆ. ನೀವು ಕೈಯಿಟ್ಟು ನೋಡಿ, "ಒದಿಯೂದ ಇಲ್ಲಲ್ಲ, ಅವ್ರಪ್ಪನಂಗ ಮೈಗಳ್ಳ ಐತಿ" ಎಂದು ನಕ್ಕಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮದುವೆಯಾಗಿ ಎಂಟು ವರ್ಷ, ಅತ್ತೆ. ಆಸ್ಪತ್ರೆಯಲ್ಲಿ ಗರ್ಭದ ಎರಡೂ ನಳಿಕೆ ಮುಚ್ಚಿವೆ ಎಂದರು. ಆಪರೇಷನ್ ಆಯಿತು, ಸೂಜಿಗಳಾದವು, ಏನೂ ನಿಲ್ಲಲಿಲ್ಲ. ನಮ್ಮ ಓಣಿಯ ಮುದುಕವ್ವನ ಮೊಮ್ಮಗನ ತೊಟ್ಟಿಲಿನ ದಿನ ನಾನು ಕೂಸನ್ನು ಮುಟ್ಟಹೋದಾಗ ಆಕೆ, "ನೀ ಆ ಕಡಿ ಕುಂದರವ" ಎಂದದ್ದು ನಿಮಗೂ ಕೇಳಿಸಿತ್ತು. ನೀವು ಸುಮ್ಮನಿದ್ದಿರಿ. ನಾನು ಈ ಸುಳ್ಳು ಕಟ್ಟಿದ್ದು ಅವತ್ತೇ. ದತ್ತು ಕೊಡುವ ಕಡೆ ಹೆಸರು ಬರೆಸಿದ್ದೆವು. ನಮ್ಮ ಹಾಗೇ ಕಾಣುವ ಎಳೆಗೂಸು ಸಿಕ್ಕರೆ ಹೆತ್ತೆ ಎಂದುಬಿಡೋಣ ಎಂದೆ. ನಿಮ್ಮ ಮಗ ಬೇಡವೆಂದರು. ಅತ್ತು ಒಪ್ಪಿಸಿದವಳು ನಾನೇ.

ಮೊನ್ನೆ ಅಲ್ಲಿಯ ಮೇಡಂ ಕರೆಸಿದರು. "ನೋಡಮ್ಮ, ಈ ಮಗು ನಿಮ್ ಥರ ಕಾಣಲ್ಲ. ಅಪ್ಪ ಆಫ್ರಿಕಾದವ್ರಿರ್ಬೇಕು. ಈಗಾಗ್ಲೇ ಮೂರು ಮನೆಯವ್ರು ನೋಡ್ಬಿಟ್ಟು ಬೇಡ ಅಂದ್ರು" ಎಂದರು. ನಾಲ್ಕು ತಿಂಗಳ ಹೆಣ್ಣುಕೂಸು. ಕರಿ ಎಳ್ಳಿನ ಬಣ್ಣ, ತಲೆ ತುಂಬ ಸುರುಳಿ ಸುರುಳಿ ಕೂದಲು. ನಿಮ್ಮ ಮಗ ನನ್ನ ಕಿವಿಯಲ್ಲಿ, "ಅವ್ವಗ ಏನಂತ ಹೇಳ್ತಿ ಲೇ?" ಎಂದರು. ಬೇಡವೆನ್ನಲು ನಾನೂ ಬಾಯಿ ತೆರೆದಿದ್ದೆ. ದೇವರಾಣೆ ತೆರೆದಿದ್ದೆ. ಅಷ್ಟರಲ್ಲಿ ಅದು ನನ್ನ ಬಳೆ ಹಿಡಿಯಿತು, ನೀವು ತೊಡಿಸಿದ ಹಸಿರು ಬಳೆ. ಬಿಡಿಸಿಕೊಳ್ಳಲು ನೋಡಿದೆ. ಅದು ಕೈ ಬಿಡದೆ, ಬಟ್ಟೆಯಿಲ್ಲದ ನನ್ನ ಹೊಟ್ಟೆಗೆ ಜೋರಾಗಿ ಒದ್ದಿತು.

ನಾವು ಹೂಂ ಅಂದೆವು. ಬುಧವಾರ ಅವಳನ್ನು ಮನೆಗೆ ಕರೆತರುತ್ತೇವೆ.

ಇವಳನ್ನು ನಾನು ಹೆತ್ತೆನೆಂದರೆ ಊರಲ್ಲಿ ಒಬ್ಬರೂ ನಂಬುವುದಿಲ್ಲ. ಇನ್ನು ಸುಳ್ಳಿಗೆ ಜಾಗವಿಲ್ಲ. ನೀವು ನನ್ನನ್ನು ಹೊಡೆಯಿರಿ, ಹತ್ತು ಜನರ ಮುಂದೆ ಬೈಯಿರಿ, ತಡೆದುಕೊಳ್ಳುತ್ತೇನೆ. ಬರುವುದನ್ನು ಮಾತ್ರ ಬಿಡಬೇಡಿ. ನನಗೆ ಕೂಸಿಗೆ ನೀರು ಎರೆಯಲು ಬರುವುದಿಲ್ಲ. ನನ್ನ ಹೆತ್ತವ್ವ ಸತ್ತ ಮೇಲೆ ಕಲಿಸಲು ನನಗೆ ನಿಮ್ಮನ್ನು ಬಿಟ್ಟು ಯಾರಿದ್ದಾರೆ?

ಬಾಣಂತಿಗೆಂದು ಅಂಟಿನುಂಡಿ ಕಟ್ಟಬೇಡಿ, ಅದನ್ನು ತಿನ್ನುವ ಮೈ ನನ್ನದಲ್ಲ. ಕೂಸಿನ ತಲೆಗೆ ಎಣ್ಣೆ ತನ್ನಿ. ಶುಕ್ರವಾರ ಬೆಳಿಗ್ಗೆ ನಿಮ್ಮ ಮಗ ಜಾಲಹಳ್ಳಿ ಕ್ರಾಸಿನಲ್ಲಿ ನಿಂತಿರುತ್ತಾರೆ. ಮೊದಲ ಬಸ್ಸಿನಲ್ಲಿ ನೀವು ಇಳಿಯದಿದ್ದರೆ ಕೊನೆಯ ಬಸ್ಸಿನವರೆಗೂ ನಿಂತಿರುತ್ತಾರೆ.

ನಿಮ್ಮ ಮೈ ಗಟ್ಟಿಯಾಗಿರಲಿ. ಬೈಗುಳವೆಲ್ಲ ನನಗಿರಲಿ, ಹರಕೆಯ ಒಂದು ಮಾತು ಅವಳಿಗಿರಲಿ.

ನಿಮಗೆ ಸುಳ್ಳು ಹೇಳಿದ, ಇನ್ನು ಹೇಳದ,
ಸವಿತಾ