ಬಿಳಿ ಹಣೆಯ ತಳಿ

ತಮ್ಮ ಗವಿಸಿದ್ದೇಶ,

ನಿನ್ನೆ ಮಧ್ಯಾಹ್ನ ನಮ್ಮ ಹಿಂಡಿಗೆ ಸಿಡಿಲು ಬಡಿಯಿತು. ಮಳೆಗೆ ಹೆದರಿ ಬೇವಿನ ಮರದ ಕೆಳಗೆ ಸೇರಿದ್ದ ಕುರಿಗಳೆಲ್ಲ ಸತ್ತವು. ನೀಲಿ ನಾಲಿಗೆ ರೋಗದ ವರ್ಷ ಊರಿನ ಹಿಂಡುಗಳು ಬರಿದಾದಾಗಲೂ ನಮ್ಮ ಬಿಳಿ ಹಣೆಯ ಕುರಿ ಬದುಕಿತ್ತಲ್ಲ, ಸತ್ತವುಗಳಲ್ಲಿ ಅದರ ಸಂತತಿಯವೇ ಹೆಚ್ಚು. ಅಪ್ಪ ತಳಿಗೆಂದೇ ಉಳಿಸಿದವು. ರೋಗಕ್ಕೆ ಬೇಗ ಬೀಳುವ ಕುರಿಗಳು ಬಯಲಲ್ಲಿ ನೆನೆಯುತ್ತ ನಿಂತು ಬದುಕಿದವು.

“ಗಟ್ಟಿ ಇದ್ದದ್ದು ಉಳಿತೈತಿ ಅಂತಿದ್ದ ನಿಮ್ಮಪ್ಪ. ಸಿಡಿಲಿಗೆ ಗಟ್ಟಿ ಯಾವುದು, ಮೆತ್ತಗ ಯಾವುದು?” ಎಂದರು ಪಕ್ಕದ ಹೊಲದ ಕರಿಬಸಪ್ಪ ಕಾಕಾ.

ಆ ತಳಿಯಲ್ಲಿ ಈಗ ಒಂದೇ ಕುರಿ ಉಳಿದಿದೆ. ಗಬ್ಬವಾಗಿದೆ, ಬೆಳಗಿನಿಂದ ಮೇವು ಮುಟ್ಟಿಲ್ಲ. ಅದು ಈದರೂ ತಳಿ ನಿಲ್ಲಲು ಅದೇ ಜಾತಿಯ ಟಗರು ಬೇಕು. ಅಂಥವು ಇರುವುದು ಆಸ್ತಿ ಪಾಲಾದಾಗ ನೀನು ಹನುಮಸಾಗರಕ್ಕೆ ಹೊಡೆದುಕೊಂಡು ಹೋದ ಹಿಂಡಿನಲ್ಲಿ ಮಾತ್ರ. ಅಂದಿನಿಂದ ನಾವು ಮಾತಾಡಿಲ್ಲ.

“ಅವಂಗ ಫೋನ್ ಹಚ್ಚೋ,” ಎನ್ನುತ್ತಾಳೆ ಅವ್ವ. “ಟಗರು ಕೇಳಾಕರ ಹಚ್ಚು.”

ಹಚ್ಚುತ್ತೇನೆ ಎಂದು ಹೇಳಿ, ಕಳಿಸಲಾರದ ಇದನ್ನು ಬರೆಯುತ್ತ ಕೂತಿದ್ದೇನೆ. ಸಿಡಿಲು ಕೆಡವಿದ ಆ ಮೋಡ ಇಲ್ಲಿಂದ ಹನುಮಸಾಗರದ ಕಡೆಗೇ ಹೋಯಿತಂತೆ. ಮಳೆ ಬಂದರೆ ನೀನು ಕುರಿಗಳನ್ನು ಬಿಟ್ಟು ಓಡುವವನಲ್ಲ, ಅವುಗಳ ನಡುವೆಯೇ ನಿಲ್ಲುವವನು.