ಪರಪ್ಪ ಕಾಕಾರ ಎಡಗಿವಿ

ರವಿವಾರ, ೧೮ ಜನವರಿ

ಗಟ್ಟಿ ಕ್ರೆಯಾನಿನ ಗೆರೆ ಅಳಿಸಲು ಬರುವುದಿಲ್ಲ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳುವ ನಾನೇ ಇವತ್ತು ಅದನ್ನು ಮರೆತೆ.

ಘಟಪ್ರಭಾದಲ್ಲಿ ಪೈಲ್ವಾನ ಪರಪ್ಪ ಕಾಕಾರ ಮುಖದ ಚಿತ್ರ ಬರೆಯಲು ಕೂತಿದ್ದೆ. ಕುಸ್ತಿಯಲ್ಲಿ ಮುದ್ದೆಯಾದ ಎಡಗಿವಿಯ ಬಗ್ಗೆ ಅವರು ಮೊದಲೇ ಹೇಳಿದ್ದರು: "ಅದನ್ನ ಸರಳ ಮಾಡಿ ಬರಿಯವ್ವಾ." ಇದ್ದಿಲಾಗಿದ್ದರೆ ಬೆರಳಿನಿಂದ ತಿಕ್ಕಿ ಮಬ್ಬು ಮಾಡಬಹುದಿತ್ತು. ಕ್ರೆಯಾನ್ ಮಾತ್ರ ಕಿವಿಯ ಒಂದೊಂದು ಮಡಿಕೆಯನ್ನೂ ಚೂಪಾಗಿ ಹಿಡಿಯಿತು. ಕೈಗೆ ಎಷ್ಟು ಖುಷಿಯಾಯಿತೆಂದರೆ ನಿಲ್ಲಿಸಲು ಆಗಲಿಲ್ಲ.

ಬಾಯಿಯೊಂದನ್ನು ಬಿಟ್ಟು ಉಳಿದೆಲ್ಲ ಮುಗಿದಿದ್ದ ಚಿತ್ರ ನೋಡಿ ಕಾಕಾರ ಮುಖ ಸಪ್ಪಗಾಯಿತು. "ಕನ್ಯಾ ನೋಡಾಕ ಹೋದಾಗೂ ಈ ಕಿವಿ ರುಮಾಲದಾಗ ಮುಚ್ಚಿಕೊಂಡು ಹೋಗಿದ್ನಿ," ಎಂದರು.

ಚಹಾ ತಂದ ಅವರ ಹೆಂಡತಿ ಲಕ್ಕವ್ವ ಕಾಕಿ ಚಿತ್ರದ ಮುಂದೆ ನಿಂತರು. "ಹೊಳ್ಳಿ ಹೋಗೂ ಮುಂದ ಬಗ್ಗಿ ಚಪ್ಪಲಿ ಮೆಟ್ಟಿದ್ರಲ್ರೀ, ಆವಾಗ ರುಮಾಲ ಸರದಿತ್ತು. ಈ ಕಿವಿ ಕಂಡಮ್ಯಾಲನ ನಾ ನಮ್ಮಪ್ಪಗ ಹೂಂ ಅಂದದ್ದು."

ನಲವತ್ತು ವರ್ಷ ಈ ಮಾತು ಕಾಕಾರಿಗೆ ಗೊತ್ತೇ ಇರಲಿಲ್ಲ. "ಖರೇನ?" ಎಂದು ಎರಡು ಸಲ ಕೇಳಿದರು. ಆಮೇಲೆ ನಗೆ ತಡೆಯಲಾಗದೆ ಅವರ ತುಟಿ ಒಂದು ಕಡೆ ನಿಲ್ಲಲೇ ಇಲ್ಲ. ಬಾಯಿ ಬರೆಯಲಾಗದೆ ಎದ್ದು ಬಂದೆ. ನಿದ್ದೆ ಎಳೆಯುತ್ತಿದೆ, ಆದರೂ ಆ ನಗೆಯನ್ನು ಇಷ್ಟು ಗಟ್ಟಿ ಕ್ರೆಯಾನಿನಲ್ಲಿ ಹೇಗೆ...