ಗೆರೆಯಲ್ಲೊಂದು ಗುಬುಟು

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಹೊಸ ಊರಿನ ಕೆಲಸ ಹಿಡಿಸಿತೆಂದು ಓದಿ ಸಮಾಧಾನವಾಯಿತು. ಇಲ್ಲಿ ಮಾತ್ರ ನಾನೂ ನಿನ್ನ ಭಾವನೂ ಎಣ್ಣೆ ಸೀಗೇಕಾಯಿ ಆಗಿದ್ದೇವೆ.

ಮಿಲ್ಲಿನ ಪಂಪ್‌ಹೌಸಿಗೆ ಹೋಗುವ ನೆಲದಡಿಯ ಕೇಬಲ್ ಕೆಟ್ಟುಹೋಯಿತು. ಹೋದ ವರ್ಷ ನಿನ್ನ ಭಾವ ಹಾಕಿಸಿದ್ದು, ನೀನೂ ಅವರ ಕೈಕೆಳಗೆ ದುಡಿದದ್ದು, ಅದೇ ಕೇಬಲ್. ನಾನು ಕೇಬಲ್ಲಿನ ದೋಷ ಹುಡುಕುವ ನನ್ನ ಮಿಷನ್ ಹಚ್ಚಿದೆ. ಗೊತ್ತಲ್ಲ, ಒಂದು ತುದಿಯಿಂದ ಕರೆಂಟಿನ ಸಣ್ಣ ಮಿಡಿತ ಕಳಿಸಿದರೆ ತಂತಿ ಎಲ್ಲಿ ಕೆಟ್ಟಿದೆಯೋ ಅಲ್ಲಿಗೆ ಬಡಿದು ವಾಪಸು ಬರುತ್ತದೆ. ಹೋಗಿಬರಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ. ದೋಷ ಸೈಕಲ್ ಸ್ಟ್ಯಾಂಡಿನ ಹತ್ತಿರ ಎಂದಿತು ಪರದೆಯ ಗೆರೆ. ಮೂರು ತಂತಿಗಳಲ್ಲಿ ಕೆಟ್ಟದ್ದು ಒಂದೇ. ಆದರೆ ಚೆನ್ನಾಗಿದ್ದ ಎರಡರ ಗೆರೆಯಲ್ಲೂ ಅದೇ ಜಾಗದಲ್ಲಿ ಉಬ್ಬಿದ ಹಾಗೆ ಒಂದು ಸಣ್ಣ ಗುಬುಟು. ಅಂದರೆ ಅಲ್ಲಿ ತುಂಡಾದ ಕೇಬಲ್ ಸೇರಿಸಿದ ಜಾಯಿಂಟ್ ಇದೆ.

"ಇದು ಒಂದೇ ತುಂಡಲ್ವೇನ್ರಿ?" ಎಂದು ನಿನ್ನ ಭಾವನನ್ನು ಕೇಳಿದೆ.

"ಒಂದೇ ತುಂಡು ಕಣೇ. ಜಾಯಿಂಟೇ ಹಾಕಿಲ್ಲ," ಎಂದರು.

ರೆಪ್ಪೆ ಮಿಟುಕಿಸದೆ ಹೇಳಿದರಲ್ಲ, ಅದೇ ನನಗೆ ಅನುಮಾನ ತಂದಿತು. ಆಮೇಲೆ ಫೋನ್ ಹಿಡಿದು ಹೊರಗೆ ಹೋದರೂ ಅನುಮಾನ, ಊಟ ಬಿಟ್ಟರೂ ಅನುಮಾನ, ಎರಡು ಸಲ ಬಡಿಸಿಕೊಂಡರೂ ಅನುಮಾನ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ! ಮುಚ್ಚಿಟ್ಟ ಜಾಯಿಂಟ್ ಸಿಕ್ಕರೆ ಅವರ ಕೆಲಸ ಹೋಗುತ್ತದೆಂದು ಗೊತ್ತಿದ್ದೂ, ಮಿಲ್ಲಿನ ಇಂಜಿನಿಯರ್ ಹತ್ತಿರ ಹೋಗಿ, "ಜಾಯಿಂಟ್ ಇದೆ ಸಾರ್, ನಮ್ಮನೆಯವ್ರು ಮುಚ್ಚಿಡ್ತಿದಾರೆ," ಎಂದುಬಿಟ್ಟೆ.

ನಿನ್ನೆ ಅಗೆಸಿದರು. ಜಾಯಿಂಟ್ ಇತ್ತು, ಒಳಗೆಲ್ಲ ನೀರು. ನಿನ್ನ ಭಾವ ಗುಂಡಿಗಿಳಿದು ಅದನ್ನು ಬಹಳ ಹೊತ್ತು ನೋಡಿದರು. ಮೇಲೆ ಬಂದು, "ನಾನೇ ಹಾಕಿದ್ದು ಸಾರ್," ಎಂದರು. ಸಂಜೆಯೊಳಗೆ ಕೆಲಸದಿಂದ ತೆಗೆದರು. ಮನೆಯಲ್ಲಿ ಅವರು ನನ್ನ ಮುಖ ನೋಡಲಿಲ್ಲ. ನಾನೂ ತಲೆ ಎತ್ತಲಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಒದ್ದೆ ತಲೆಯಲ್ಲಿ ಕೆಲಸಕ್ಕೆ ಓಡಬೇಡ. ನೂರು ಕಾಲ ಚೆನ್ನಾಗಿ ಬಾಳು.

ನಿನ್ನ
ಅಕ್ಕ

ತಾ.ಕ.: ಅವರು ಮೇಲೆ ಬಂದ ಮೇಲೆ ನಾನೂ ಗುಂಡಿಗಿಳಿದಿದ್ದೆ. ಜಾಯಿಂಟಿನ ಟೇಪು ಉಲ್ಟಾ ಸುತ್ತಿತ್ತು, ಎಡಗೈಯವರು ಸುತ್ತುವ ಹಾಗೆ. ಆ ಕೆಲಸದಲ್ಲಿದ್ದ ಎಡಚ ನೀನೊಬ್ಬನೇ. ಕೇಬಲ್ಲಿಗೆ ಗುದ್ದಲಿ ತಗುಲಿ ತುಂಡಾಯಿತೋ ಏನೋ, ಭಾವನಿಗೂ ಹೇಳದೆ ಸೇರಿಸಿ ಮಣ್ಣು ಮುಚ್ಚಿದ್ದೀಯ. ಅವರು ನನ್ನ ಹತ್ತಿರ ಹೇಳಿದ್ದು ಸುಳ್ಳಲ್ಲ ಕಣೋ. ಇಂಜಿನಿಯರ್ ಹತ್ತಿರ ನಾನೇ ಹಾಕಿದ್ದು ಎಂದರಲ್ಲ, ಅದೇ ಸುಳ್ಳು, ನಿನಗಾಗಿ. ಆಗ ಇಂಜಿನಿಯರ್ ಮೇಲಿನಿಂದ ಬಗ್ಗಿ, "ಏನಮ್ಮಾ, ಬೇರೆ ಏನಾದ್ರೂ ಕಾಣ್ತಾ?" ಎಂದರು. ಗಂಡನ ಮೇಲೆ ಓಡಿಹೋಗಿ ಚಾಡಿ ಹೇಳಿದ ಇದೇ ಬಾಯಿ, "ಏನೂ ಇಲ್ಲ ಸಾರ್," ಎಂದಿತು.